ಅಂಕಿ ಒಡೆದರೆ ಆಟಗಾರ ಕಾಣುತ್ತಾನಾ? ಫ್ಯಾಂಟಸಿ ಬೇಸ್‌ಬಾಲ್ ಡ್ರಾಫ್ಟ್‌ಗೆ ‘ಸ್ಪ್ಲಿಟ್’ ಓದುವ ಕ್ರಮ

2019ರ ಮಾರ್ಚ್ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಆರೂವರೆ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಆಗ ಶನಿವಾರ ರಾತ್ರಿ ಒಂಬತ್ತು ಗಂಟೆ. ನಾನಿನ್ನೂ ಪತ್ರಕರ್ತನಾಗಿರಲಿಲ್ಲ, ಸಾಫ್ಟ್‌ವೇರ್ ಕೆಲಸದಲ್ಲಿದ್ದೆ. ನಮ್ಮ ಕ್ಲೈಂಟ್ ಕಡೆಯ ತಂಡದವರು ಪ್ರತಿ ವರ್ಷ ಆಡುತ್ತಿದ್ದ ಫ್ಯಾಂಟಸಿ ಬೇಸ್‌ಬಾಲ್ ಲೀಗಿನಲ್ಲಿ ಒಂದು ಜಾಗ ಖಾಲಿಯಾಗಿತ್ತು, ನನ್ನನ್ನು ಸೇರಿಸಿಕೊಂಡಿದ್ದರು. ದುಡ್ಡಿನ ಆಟವಲ್ಲ. ಗೆದ್ದವರಿಗೆ ಒಂದು ಪ್ಲಾಸ್ಟಿಕ್ ಕಪ್, ಸೋತವರಿಗೆ ವರ್ಷಪೂರ್ತಿ ಕೀಟಲೆ, ಅಷ್ಟೇ.

ಇಂಜಿನಿಯರಿಂಗ್ ಓದಿದವನ ಜಂಬ ನನ್ನಲ್ಲೂ ಇತ್ತು. ಎರಡು ವಾರ ಕೂತು ದೊಡ್ಡದೊಂದು ಎಕ್ಸೆಲ್ ಶೀಟ್ ಮಾಡಿದ್ದೆ. ಅದರಲ್ಲಿ ಡಿಜೆ ಲೆಮಹ್ಯೂ ಎಂಬ ಆಟಗಾರನ ಸಾಲಿಗೆ ಕೆಂಪು ಬಣ್ಣ ಬಳಿದಿದ್ದೆ. ಕಾರಣ ಸರಳ. ಅವರು ಆವರೆಗೆ ಆಡುತ್ತಿದ್ದುದು ಡೆನ್ವರ್‌ನ ಕೊಲೊರಾಡೊ ರಾಕೀಸ್ ತಂಡದಲ್ಲಿ. ತವರು ಮೈದಾನದಲ್ಲಿ ಚೆನ್ನಾಗಿ ಹೊಡೆಯುತ್ತಿದ್ದರು, ಹೊರಗೆ ಹೋದರೆ ಸರಾಸರಿ ಕುಸಿಯುತ್ತಿತ್ತು. ಆ ಜನವರಿಯಲ್ಲಿ ಅವರು ನ್ಯೂಯಾರ್ಕ್ ಯಾಂಕೀಸ್ ಸೇರಿದ್ದರು. ‘ಡೆನ್ವರ್ ಹೋಯಿತು, ಈ ಮನುಷ್ಯನ ಕಥೆ ಮುಗಿಯಿತು’ ಅಂತ ನನ್ನ ಶೀಟ್ ಹೇಳಿತು. ಕೊನೆಯ ಸುತ್ತುಗಳಲ್ಲಿ ಬೇರೊಬ್ಬರು ಅವರನ್ನು ಆರಿಸಿಕೊಂಡಾಗ ನಾನು ಮನಸ್ಸಿನಲ್ಲೇ ನಕ್ಕಿದ್ದೆ.

ಆ ವರ್ಷ ಲೆಮಹ್ಯೂ 0.327 ಸರಾಸರಿಯಲ್ಲಿ 26 ಹೋಮ್ ರನ್ ಹೊಡೆದರು. ಅಲ್ಲಿಯವರೆಗಿನ ಅವರ ವೃತ್ತಿಜೀವನದಲ್ಲೇ ಅದು ಅತಿ ಹೆಚ್ಚು. ಮರುವರ್ಷ 0.364 ಹೊಡೆದು ಅಮೆರಿಕನ್ ಲೀಗಿನ ಬ್ಯಾಟಿಂಗ್ ಪಟ್ಟವನ್ನೂ ಗೆದ್ದರು. ನನ್ನ ತಂಡ 12ರಲ್ಲಿ 11ನೇ ಸ್ಥಾನದಲ್ಲಿ ಮುಗಿಸಿತು.

ನನ್ನ ಅಂಕಿಗಳು ತಪ್ಪಾಗಿರಲಿಲ್ಲ, ಅದನ್ನು ಓದಿದ್ದು ತಪ್ಪಾಗಿತ್ತು. ಯಾವ ಅಂಕಿಯನ್ನು ಎಲ್ಲಿ ಒಡೆಯಬೇಕು, ಒಡೆದ ಚೂರನ್ನು ಎಷ್ಟು ನಂಬಬೇಕು, ಮತ್ತು ಆ ಚೂರು ನಿಜಕ್ಕೂ ಯಾರ ಬಗ್ಗೆ ಹೇಳುತ್ತಿದೆ ಅನ್ನುವುದನ್ನು ಆಮೇಲಿನ ವರ್ಷಗಳಲ್ಲಿ ಕಲಿತೆ. ಆ ಟಿಪ್ಪಣಿಗಳೇ ಈ ಬರಹ.

ಮೊದಲು, ಈ ಆಟ ಏನು?

ನಮ್ಮಲ್ಲಿ ಫ್ಯಾಂಟಸಿ ಅಂದ ಕೂಡಲೇ ನೆನಪಾಗುವುದು ಡ್ರೀಮ್11 ಥರದ ಆ್ಯಪ್‌ಗಳು. ಇವತ್ತಿನ ಪಂದ್ಯಕ್ಕೆ 11 ಜನರನ್ನು ಆರಿಸು, ದುಡ್ಡು ಹಾಕು, ರಾತ್ರಿ ಫಲಿತಾಂಶ ನೋಡು. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಹಣದಾಟಗಳನ್ನು ನಿಷೇಧಿಸುವ ಕಾನೂನು ತಂದ ಮೇಲೆ ಆ ಆ್ಯಪ್‌ಗಳು ಹಣದ ಸ್ಪರ್ಧೆಗಳನ್ನು ನಿಲ್ಲಿಸಿದವು. ನಾನು ಹೇಳುತ್ತಿರುವುದು ಅದಕ್ಕಿಂತ ಹಳೆಯ, ನಿಧಾನದ ಆಟ.

1980ರಲ್ಲಿ ಡೇನಿಯಲ್ ಓಕ್ರೆಂಟ್ ಎಂಬ ಬರಹಗಾರ, ಸಂಪಾದಕ ಗೆಳೆಯರ ಜೊತೆ ಸೇರಿ ಇದನ್ನು ಶುರು ಮಾಡಿದರು. ನ್ಯೂಯಾರ್ಕಿನ ‘ಲಾ ರೋಟಿಸ್ಸರಿ ಫ್ರಾನ್ಸೇಸ್’ ಎಂಬ ಹೋಟೆಲಿನಲ್ಲಿ ಊಟಕ್ಕೆ ಸೇರುತ್ತಿದ್ದುದರಿಂದ ಅದಕ್ಕೆ ರೋಟಿಸ್ಸರಿ ಲೀಗ್ ಎಂದು ಹೆಸರಾಯಿತು. ಇದೇ ಓಕ್ರೆಂಟ್ ಮುಂದೆ 2003ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮೊದಲ ಪಬ್ಲಿಕ್ ಎಡಿಟರ್ ಆದರು, ಅಂದರೆ ಓದುಗರ ಪರವಾಗಿ ಪತ್ರಿಕೆಯನ್ನೇ ಪ್ರಶ್ನಿಸುವ ಹುದ್ದೆ.

ನಿಯಮ ಹೀಗೆ. ಸಾಮಾನ್ಯವಾಗಿ 12 ಜನ. ಋತು ಶುರುವಾಗುವ ಮುನ್ನ ಒಂದು ದಿನ ಕೂತು ಸರದಿಯಂತೆ ಆಟಗಾರರನ್ನು ಆರಿಸಿಕೊಳ್ಳಬೇಕು. ಇದೇ ಡ್ರಾಫ್ಟ್. ಒಬ್ಬ ಆಟಗಾರ ಒಂದೇ ತಂಡಕ್ಕೆ. ಒಬ್ಬೊಬ್ಬರಿಗೆ 23 ಮಂದಿ: 14 ಬ್ಯಾಟರ್‌ಗಳು, 9 ಪಿಚರ್‌ಗಳು. ಮುಂದಿನ ಆರು ತಿಂಗಳು, ನಿಜವಾದ ತಂಡಗಳು ಆಡುವ ತಲಾ 162 ಪಂದ್ಯಗಳಲ್ಲಿ ನಿಮ್ಮವರು ಏನು ಮಾಡುತ್ತಾರೋ ಅದೇ ನಿಮ್ಮ ಅಂಕ. ಬ್ಯಾಟಿಂಗ್‌ನಲ್ಲಿ ಸರಾಸರಿ, ಹೋಮ್ ರನ್, ರನ್, ಆರ್‌ಬಿಐ, ಕದ್ದ ಬೇಸ್ ಎಂಬ ಐದು ವಿಭಾಗ. ಪಿಚಿಂಗ್‌ನಲ್ಲೂ ಐದು.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಒಂದು ಮಾತು. ಇಲ್ಲಿ ಬ್ಯಾಟಿಂಗ್ ಸರಾಸರಿ ಅಂದರೆ ಎಷ್ಟು ಅವಕಾಶಕ್ಕೆ ಎಷ್ಟು ಹಿಟ್ ಎಂಬ ಅನುಪಾತ. ಹತ್ತು ಸಲಕ್ಕೆ ಮೂರು ಹಿಟ್ ಆದರೆ 0.300, ಅವನು ಒಳ್ಳೆಯ ಬ್ಯಾಟರ್. ಹತ್ತರಲ್ಲಿ ಏಳು ಸಲ ಸೋಲುವುದೇ ಇಲ್ಲಿನ ಯಶಸ್ಸು. ಇಂಥ ಆಟದಲ್ಲಿ ಅದೃಷ್ಟ ಮತ್ತು ಕೌಶಲವನ್ನು ಬೇರ್ಪಡಿಸುವುದು ಕಷ್ಟದ ಕೆಲಸ.

ಸ್ಪ್ಲಿಟ್ ಅಂದರೆ

ಒಬ್ಬ ಆಟಗಾರನ ವರ್ಷದ ಒಟ್ಟು ಲೆಕ್ಕವನ್ನು ಒಂದು ಷರತ್ತಿನ ಮೇಲೆ ಹೋಳು ಮಾಡಿದರೆ ಅದೇ ಸ್ಪ್ಲಿಟ್. ಎಡಗೈ ಪಿಚರ್ ಎದುರು ಹೇಗೆ, ಬಲಗೈ ಪಿಚರ್ ಎದುರು ಹೇಗೆ? ತವರಲ್ಲಿ ಹೇಗೆ, ಹೊರಗೆ ಹೇಗೆ? ಋತುವಿನ ಮೊದಲರ್ಧ, ಎರಡನೇ ಅರ್ಧ? ಹಗಲು, ರಾತ್ರಿ? ಬೇಸ್‌ಬಾಲ್-ರೆಫರೆನ್ಸ್, ಫ್ಯಾನ್‌ಗ್ರಾಫ್ಸ್ ತಾಣಗಳಲ್ಲಿ ಪ್ರತಿ ಆಟಗಾರನಿಗೂ ಇಂಥ ಹತ್ತಾರು ಕೋಷ್ಟಕಗಳು ಸಿಗುತ್ತವೆ.

ಇವು ತಾನಾಗಿ ಹುಟ್ಟಿದ್ದಲ್ಲ. ಹಿಂದೆ ಈ ವಿವರ ತಂಡಗಳ ಕಪಾಟಿನಲ್ಲಿ ಇರುತ್ತಿತ್ತು. ಬಾಲ್ಟಿಮೋರ್ ತಂಡದ ಮ್ಯಾನೇಜರ್ ಅರ್ಲ್ ವೀವರ್ ಯಾವ ಬ್ಯಾಟರ್ ಯಾವ ಪಿಚರ್ ಎದುರು ಹೇಗೆ ಆಡಿದ್ದಾನೆಂದು ಕಾರ್ಡುಗಳಲ್ಲಿ ಬರೆದಿಟ್ಟುಕೊಳ್ಳುತ್ತಿದ್ದುದು ಪ್ರಸಿದ್ಧ. 1989ರಲ್ಲಿ ಡೇವ್ ಸ್ಮಿತ್ ಎಂಬ ಜೀವಶಾಸ್ತ್ರ ಪ್ರಾಧ್ಯಾಪಕರು ‘ರೆಟ್ರೋಶೀಟ್’ ಶುರು ಮಾಡಿದರು. ಹಳೆಯ ಸ್ಕೋರ್ ಪುಸ್ತಕಗಳನ್ನು ಹುಡುಕಿ, ಪ್ರತಿ ಪಂದ್ಯವನ್ನೂ ಚೆಂಡಾಟದ ಕ್ರಮದಲ್ಲೇ ಕಂಪ್ಯೂಟರಿಗೆ ಇಳಿಸುವ ಕೆಲಸ ಅದು. ಮಾಡಿದವರು ಸ್ವಯಂಸೇವಕರು. ಆ ದತ್ತಾಂಶ ಇವತ್ತಿಗೂ ಎಲ್ಲರಿಗೂ ಉಚಿತ. ಫ್ಯಾಂಟಸಿ ಕಂಪನಿಗಳು ಆಟಗಾರರ ಹೆಸರು ಮತ್ತು ಅಂಕಿ ಬಳಸಲು ಲೈಸೆನ್ಸ್ ಪಡೆಯಬೇಕು ಎಂದು ಲೀಗಿನ ಕಡೆಯವರು ವಾದಿಸಿದಾಗ, 2007ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ವಾಕ್ ಸ್ವಾತಂತ್ರ್ಯದ ಆಧಾರದಲ್ಲಿ ಆ ಬಳಕೆಗೆ ರಕ್ಷಣೆ ಸಿಕ್ಕಿತು. ಸಾರ್ವಜನಿಕ ದತ್ತಾಂಶಕ್ಕಾಗಿ ಹೋರಾಡುವ ನಮ್ಮಂಥವರಿಗೆ ಇದು ಗೊತ್ತಿರಬೇಕಾದ ತೀರ್ಪು.

ಎಡಗೈ–ಬಲಗೈ: ನಿಜವಾದ ವ್ಯತ್ಯಾಸ, ಆದರೆ ನಿಧಾನವಾಗಿ ಕಾಣುವಂಥದ್ದು

ಎಲ್ಲ ಸ್ಪ್ಲಿಟ್‌ಗಳಲ್ಲಿ ಇದೇ ಗಟ್ಟಿ. ಕಾರಣ ಶರೀರದಲ್ಲೇ ಇದೆ. ಎಡಗೈ ಬ್ಯಾಟರ್‌ಗೆ ಎಡಗೈ ಪಿಚರ್ ಎಸೆದ ಚೆಂಡು ಬೆನ್ನ ಹಿಂದಿನಿಂದ ಬಂದಂತೆ ಕಾಣುತ್ತದೆ, ತಿರುಗುವ ಚೆಂಡು ಅವನಿಂದ ದೂರ ಸರಿಯುತ್ತದೆ. ಬಲಗೈ ಪಿಚರ್ ಆದರೆ ಚೆಂಡು ಕಣ್ಣಿಗೆ ಬೇಗ ಸಿಗುತ್ತದೆ, ಒಳಕ್ಕೆ ತಿರುಗುತ್ತದೆ. ಬಲಗೈ ಬ್ಯಾಟರ್‌ಗೆ ಇದರ ಉಲ್ಟಾ. ಅದಕ್ಕೇ ಒಂದೇ ಸ್ಥಾನಕ್ಕೆ ಒಬ್ಬ ಎಡಗೈ, ಒಬ್ಬ ಬಲಗೈ ಬ್ಯಾಟರ್ ಇಟ್ಟುಕೊಂಡು ಎದುರಾಳಿ ಪಿಚರ್ ನೋಡಿ ಇಳಿಸುವ ಪದ್ಧತಿ ಬೆಳೆಯಿತು. ಇದಕ್ಕೆ ‘ಪ್ಲಟೂನ್’ ಎನ್ನುತ್ತಾರೆ. 1982ರಲ್ಲಿ ಅದೇ ವೀವರ್ ಎಡಗೈನ ಜಾನ್ ಲೋವೆನ್‌ಸ್ಟೈನ್, ಬಲಗೈನ ಗ್ಯಾರಿ ರೋನಿಕಿ ಇಬ್ಬರನ್ನು ಹೀಗೆ ಬಳಸಿಕೊಂಡರು. ಒಬ್ಬರು 24, ಇನ್ನೊಬ್ಬರು 21 ಹೋಮ್ ರನ್ ಹೊಡೆದರು.

ಡ್ರಾಫ್ಟ್‌ನಲ್ಲಿ ಇದರಿಂದ ಸಿಗುವ ಮೊದಲ ಪಾಠ ಅವಕಾಶಗಳ ಎಣಿಕೆ. ಲೀಗಿನಲ್ಲಿ ಎಡಗೈ ಪಿಚರ್‌ಗಳು ನಾಲ್ಕರಲ್ಲಿ ಒಂದು ಭಾಗದ ಆಸುಪಾಸು. ಹಾಗಾಗಿ ಪ್ಲಟೂನ್‌ನ ಎಡಗೈ ಬ್ಯಾಟರ್‌ಗೆ ಬಹುಪಾಲು ಪಂದ್ಯ ಸಿಗುತ್ತವೆ, ಬಲಗೈ ಜೊತೆಗಾರನಿಗೆ ಉಳಿದ ಚೂರುಪಾರು. ಹೋಮ್ ರನ್, ರನ್ ಇವೆಲ್ಲ ಎಣಿಕೆಯ ವಿಭಾಗಗಳು. ಎಷ್ಟೇ ಒಳ್ಳೆಯ ಸರಾಸರಿ ಇದ್ದರೂ ಬೆಂಚಿನಲ್ಲಿ ಕೂತವನು ಅಂಕ ತರುವುದಿಲ್ಲ.

ಎರಡನೇ ಪಾಠ, ನಾನು ತಲೆ ಚಚ್ಚಿಕೊಂಡು ಕಲಿತಿದ್ದು. ಒಬ್ಬನ ಎಡಗೈ–ಬಲಗೈ ಅಂತರ ಒಂದು ವರ್ಷದಲ್ಲಿ ಗೊತ್ತಾಗುವುದಿಲ್ಲ. ಟಾಮ್ ಟ್ಯಾಂಗೋ, ಮಿಚೆಲ್ ಲಿಕ್ಟ್‌ಮನ್, ಆಂಡ್ರ್ಯೂ ಡಾಲ್ಫಿನ್ ಸೇರಿ ಬರೆದ ‘ದ ಬುಕ್’ ಇದಕ್ಕೆ ಒಂದು ಲೆಕ್ಕ ಕೊಟ್ಟಿದೆ. ಎಡಗೈ ಬ್ಯಾಟರ್‌ನ ಸ್ವಂತ ಅಂತರಕ್ಕೆ, ಎಲ್ಲರ ಸರಾಸರಿ ಅಂತರಕ್ಕೆ ಕೊಡುವಷ್ಟೇ ತೂಕ ಕೊಡಬೇಕಾದರೆ ಅವನು ಎಡಗೈ ಪಿಚರ್‌ಗಳ ಎದುರು ಸುಮಾರು 1,000 ಸಲ ಬ್ಯಾಟ್ ಹಿಡಿದಿರಬೇಕು. ಬಲಗೈ ಬ್ಯಾಟರ್ ಆದರೆ ಸುಮಾರು 2,200 ಸಲ. ಪೂರ್ತಿ ಋತು ಆಡುವವನಿಗೆ ವರ್ಷಕ್ಕೆ 600 ಚಿಲ್ಲರೆ ಸರದಿ, ಅದರಲ್ಲಿ ಎಡಗೈ ಎದುರು 150ರಷ್ಟು ಎಂದುಕೊಂಡರೆ 1,000 ಮುಟ್ಟಲು ಆರೇಳು ವರ್ಷ ಬೇಕು!

ಲೆಕ್ಕ ಮಾಡಿ ನೋಡೋಣ. ಒಬ್ಬ ಎಡಗೈ ಬ್ಯಾಟರ್, ಎಡಗೈ ಎದುರು 120 ಸರದಿ, ಅಂತರ 90 ಪಾಯಿಂಟ್. ಎಲ್ಲ ಎಡಗೈ ಬ್ಯಾಟರ್‌ಗಳ ಸರಾಸರಿ ಅಂತರ ಲೆಕ್ಕದ ಸುಲಭಕ್ಕೆ 30 ಎಂದಿಟ್ಟುಕೊಳ್ಳಿ. ಅವನ ಸ್ವಂತ ದಾಖಲೆಗೆ ಸಿಗುವ ತೂಕ 120 ಭಾಗಿಸು 1,120, ಅಂದರೆ ನೂರಕ್ಕೆ ಹನ್ನೊಂದರಷ್ಟು. 30ರ ಮೇಲಿನ ಹೆಚ್ಚುವರಿ 60ರಲ್ಲಿ ಹನ್ನೊಂದು ಭಾಗ ಮಾತ್ರ ನಂಬಿದರೆ ಸುಮಾರು 6. ಒಟ್ಟು 36. ಕೋಷ್ಟಕದಲ್ಲಿ 90 ಎಂದು ಕಿರುಚುವ ಅಂಕಿಯನ್ನು ನಾವು 36 ಎಂದು ಓದಬೇಕು. ಡ್ರಾಫ್ಟ್‌ನಲ್ಲಿ ಬೇರೆಯವರು 90 ನೋಡಿ ಹೆದರಿದಾಗ ನಿಮಗೆ ಅಗ್ಗದ ಆಟಗಾರ ಸಿಗುವುದು ಇಲ್ಲೇ.

ಮೈದಾನ: ಡೆನ್ವರ್‌ನ ಗಾಳಿ

ಕ್ರಿಕೆಟ್ ಮೈದಾನಗಳಂತೆ ಬೇಸ್‌ಬಾಲ್ ಮೈದಾನಗಳೂ ಒಂದೊಂದು ಒಂದೊಂದು ಅಳತೆ. ಬಾಸ್ಟನ್‌ನ ಫೆನ್‌ವೇ ಪಾರ್ಕ್‌ನಲ್ಲಿ ಎಡ ಅಂಚಿನ ಗೋಡೆ 310 ಅಡಿ ದೂರ, 37 ಅಡಿ ಎತ್ತರ. ಯಾಂಕೀ ಸ್ಟೇಡಿಯಂನ ಬಲ ಅಂಚು 314 ಅಡಿ, ಎಡಗೈ ಬ್ಯಾಟರ್‌ಗಳಿಗೆ ಹಬ್ಬ. ಇವೆಲ್ಲಕ್ಕಿಂತ ವಿಚಿತ್ರ ಡೆನ್ವರ್‌ನ ಕೂರ್ಸ್ ಫೀಲ್ಡ್. ಊರು ಸಮುದ್ರ ಮಟ್ಟದಿಂದ 5,280 ಅಡಿ ಎತ್ತರದಲ್ಲಿದೆ. ತೆಳು ಗಾಳಿಯಲ್ಲಿ ಚೆಂಡು ದೂರ ಹಾರುತ್ತದೆ, ಕಡಿಮೆ ತಿರುಗುತ್ತದೆ. ಎಷ್ಟರಮಟ್ಟಿಗೆ ಅಂದರೆ 2002ರಿಂದ ಅಲ್ಲಿ ಚೆಂಡುಗಳನ್ನು ತೇವಾಂಶ ಕಾಯ್ದಿಡುವ ಕೋಣೆಯಲ್ಲಿ ಇಡುತ್ತಾರೆ.

ಆ ಮೈದಾನ ತೆರೆದ 1995ರಲ್ಲಿ ರಾಕೀಸ್‌ನ ಡಾಂಟೆ ಬಿಷೆಟ್ 40 ಹೋಮ್ ರನ್ ಹೊಡೆದರು. ತವರಲ್ಲಿ 31, ಹೊರಗೆ 9. ಇದನ್ನು ನೋಡಿ ‘ಡೆನ್ವರ್ ಬ್ಯಾಟರ್‌ಗಳೆಲ್ಲ ಗಾಳಿಯ ಮಕ್ಕಳು’ ಅಂದುಬಿಡಬಹುದು. ಆದರೆ ಎರಡೇ ವರ್ಷಕ್ಕೆ, 1997ರಲ್ಲಿ, ಅದೇ ತಂಡದ ಲ್ಯಾರಿ ವಾಕರ್ 49 ಹೋಮ್ ರನ್ ಹೊಡೆದರು. ಅದರಲ್ಲಿ 29 ಹೊರಗಿನ ಮೈದಾನಗಳಲ್ಲಿ! ಮೈದಾನದ ಪ್ರಭಾವ ಎಲ್ಲರಿಗೂ ಇದೆ, ಎಲ್ಲರಿಗೂ ಒಂದೇ ಅಳತೆಯಲ್ಲಿ ಇಲ್ಲ.

ಇನ್ನು ನಾನು ಲೆಮಹ್ಯೂ ವಿಷಯದಲ್ಲಿ ಎಡವಿದ್ದು ಎಲ್ಲಿ? ತವರಿನ ಅಂಕಿ ಉಬ್ಬಿದ್ದು ಅಂತ ತಳ್ಳಿಹಾಕಿ, ಹೊರಗಿನ ಅಂಕಿಯೇ ‘ಅಸಲಿ ಆಟಗಾರ’ ಅಂತ ನಂಬಿದ್ದೆ. ಡೆನ್ವರ್‌ನಲ್ಲಿ ಒಂದು ವಾರ ಕಡಿಮೆ ತಿರುಗುವ ಚೆಂಡುಗಳಿಗೆ ಕಣ್ಣು ಒಗ್ಗಿಸಿಕೊಂಡು, ಮರುವಾರ ಸಮುದ್ರ ಮಟ್ಟದ ಊರಿಗೆ ಹೋದರೆ ಚೆಂಡು ಬೇರೆ ಥರ ವರ್ತಿಸುತ್ತದೆ. ರಾಕೀಸ್ ಬ್ಯಾಟರ್‌ಗಳು ಹೊರಗೆ ತಮ್ಮ ಯೋಗ್ಯತೆಗಿಂತ ಕೆಳಗೆ ಆಡುವುದಕ್ಕೆ ಇದು ಬಹುದಿನಗಳಿಂದ ಹೇಳುತ್ತಾ ಬಂದಿರುವ ಕಾರಣ. ಅಂದರೆ ತವರಿನ ಅಂಕಿ ಉಬ್ಬಿದೆ, ಹೊರಗಿನದು ಕುಗ್ಗಿದೆ. ಎರಡೂ ಅಸಲಿ ಅಲ್ಲ. ನೋಲನ್ ಅರೆನಾಡೊ ಕೂಡ 2021ರಲ್ಲಿ ಡೆನ್ವರ್ ಬಿಟ್ಟು ಸೇಂಟ್ ಲೂಯಿಸ್‌ಗೆ ಹೋದರು. ಮೊದಲ ವರ್ಷ ಸರಾಸರಿ 0.255ಕ್ಕೆ ಇಳಿಯಿತು, ಆದರೂ 34 ಹೋಮ್ ರನ್. ಮರುವರ್ಷ 0.293, 30 ಹೋಮ್ ರನ್. ಕಥೆಯೇನೂ ಮುಗಿದಿರಲಿಲ್ಲ.

ಇಲ್ಲಿ ಹೊಸಬರು ಮಾಡುವ ಇನ್ನೊಂದು ತಪ್ಪೂ ಇದೆ. ರಾಕೀಸ್‌ನಲ್ಲೇ ಉಳಿದಿರುವ ಬ್ಯಾಟರ್‌ನನ್ನು ‘ತವರಿನ ಹುಲಿ’ ಅಂತ ಬಿಡುವುದು. ಫ್ಯಾಂಟಸಿಯಲ್ಲಿ ನಿಮಗೆ ಸಿಗುವುದು ಅವನ ಒಟ್ಟು ಲೆಕ್ಕ. ವರ್ಷಕ್ಕೆ 81 ಪಂದ್ಯ ಡೆನ್ವರ್‌ನಲ್ಲೇ ನಡೆಯುತ್ತವೆ, ಅಲ್ಲಿನ ಹೋಮ್ ರನ್‌ಗೂ ಅಷ್ಟೇ ಅಂಕ. ತವರು–ಹೊರಗು ಲೆಕ್ಕ ಬೇಕಾಗುವುದು ಎರಡೇ ಸಂದರ್ಭದಲ್ಲಿ: ಆಟಗಾರ ತಂಡ ಬದಲಿಸಿದಾಗ, ಇಲ್ಲವೇ ವಾರ ವಾರ ಯಾರನ್ನು ಇಳಿಸಬೇಕೆಂದು ನೀವು ತೀರ್ಮಾನಿಸುವಾಗ.

ಮೊದಲರ್ಧ, ಎರಡನೇ ಅರ್ಧ: ಬಹುಪಾಲು ಗದ್ದಲ

‘ಅವನು ಸೆಕೆಂಡ್ ಹಾಫ್ ಆಟಗಾರ’ ಎಂಬ ಮಾತು ಪ್ರತಿ ಡ್ರಾಫ್ಟ್‌ನಲ್ಲೂ ಕೇಳುತ್ತೀರಿ. ಕಾಲೇಜಿನ ಸಂಭವನೀಯತೆ ಪಾಠ ಇಲ್ಲಿ ಸಾಕು. ನಿಜವಾದ ಸಾಮರ್ಥ್ಯ 0.260 ಇರುವ ಬ್ಯಾಟರ್ 100 ಸಲ ಆಡಿದರೆ, ಬರೀ ಅದೃಷ್ಟದ ಏರಿಳಿತವೇ 0.044. ಮೂರರಲ್ಲಿ ಎರಡು ಸಲ ಅವನ ಸರಾಸರಿ 0.216ರಿಂದ 0.304ರ ನಡುವೆ ಎಲ್ಲಿ ಬೇಕಾದರೂ ಇರಬಹುದು, ಮೂರನೇ ಸಲ ಅದರಾಚೆಗೂ ಹೋಗಬಹುದು. ಅಂದರೆ ತಂಡದಿಂದ ಹೊರಬೀಳುವವನಿಂದ ಹಿಡಿದು ಆಲ್ ಸ್ಟಾರ್‌ವರೆಗೆ, ಒಬ್ಬನೇ ಮನುಷ್ಯ.

ಮೊದಲರ್ಧದಲ್ಲಿ 250, ಎರಡನೆಯದರಲ್ಲಿ 250 ಅಂದುಕೊಂಡರೆ ಎರಡರ ನಡುವಿನ ಅಂತರದ ಸಹಜ ಏರಿಳಿತ ಸುಮಾರು 0.039. 60 ಪಾಯಿಂಟ್ ಅಥವಾ ಅದಕ್ಕಿಂತ ಹೆಚ್ಚಿನ ಅಂತರ ಎಂಟರಲ್ಲಿ ಒಬ್ಬರಿಗೆ ಸುಮ್ಮನೆ ಬರುತ್ತದೆ. ನಿಮ್ಮ ಲೀಗಿನ 12 ತಂಡಗಳ 168 ಬ್ಯಾಟರ್‌ಗಳಲ್ಲಿ ಸುಮಾರು 20 ಮಂದಿ ಯಾವ ಕಾರಣವೂ ಇಲ್ಲದೆ ‘ಫಸ್ಟ್ ಹಾಫ್’ ಅಥವಾ ‘ಸೆಕೆಂಡ್ ಹಾಫ್’ ಹುಲಿಗಳಂತೆ ಕಾಣುತ್ತಾರೆ. ಆ 20 ಮಂದಿಯ ಬಗ್ಗೆ ಕಥೆ ಕಟ್ಟುವುದು ಸುಲಭ. ನಾನೂ ಕಟ್ಟಿದ್ದೇನೆ.

ಹಾಗಾದರೆ ಯಾವಾಗಲೂ ಕಡೆಗಣಿಸಬೇಕಾ? ಇಲ್ಲ. 2009ರಲ್ಲಿ ಟೊರೊಂಟೊದ ಹೋಸೆ ಬಟಿಸ್ಟಾ ವರ್ಷಪೂರ್ತಿ ಹೊಡೆದದ್ದು 13 ಹೋಮ್ ರನ್, ಅದರಲ್ಲಿ 10 ಕೊನೆಯ ತಿಂಗಳ ಆಟದಲ್ಲಿ. ಮರುವರ್ಷ ಅವರು 54 ಹೊಡೆದರು. ವ್ಯತ್ಯಾಸ ಏನೆಂದರೆ ಆ ತಿಂಗಳಿಗೆ ಒಂದು ಕಾರಣ ಇತ್ತು. ಕೋಚ್‌ಗಳ ಸಲಹೆಯಂತೆ ಅವರು ಬ್ಯಾಟ್ ಬೀಸುವುದನ್ನು ಮೊದಲಿಗಿಂತ ಬೇಗ ಶುರು ಮಾಡುವಂತೆ ಬದಲಿಸಿಕೊಂಡಿದ್ದರು. ನನ್ನ ನಿಯಮ ಇಷ್ಟೇ: ಅಂಕಿ ಬದಲಾಗಿದ್ದರ ಹಿಂದೆ ಮನುಷ್ಯ ಬದಲಾದ ಸಾಕ್ಷಿ ಇದೆಯಾ? ಹೊಸ ಬೀಸು, ಹೊಸ ಎಸೆತ, ವಾಸಿಯಾದ ಗಾಯ, ಏನಾದರೂ? ಇದ್ದರೆ ಆ ಚೂರನ್ನು ಗಂಭೀರವಾಗಿ ನೋಡಿ. ಇಲ್ಲದಿದ್ದರೆ ಇಡೀ ವರ್ಷದ ಲೆಕ್ಕಕ್ಕೆ ವಾಪಸ್ ಹೋಗಿ.

ನಿಯಮ ಬದಲಾದರೆ ಹಳೆಯ ಚೂರು ರದ್ದಿ

2023ರಲ್ಲಿ ಮೇಜರ್ ಲೀಗ್ ಮೂರು ದೊಡ್ಡ ಬದಲಾವಣೆ ತಂದಿತು. ಎಸೆತಕ್ಕೆ ಗಡಿಯಾರ ಬಂತು. ಬೇಸ್‌ಗಳು 15 ಇಂಚಿನಿಂದ 18 ಇಂಚಿಗೆ ದೊಡ್ಡದಾದವು. ಇನ್‌ಫೀಲ್ಡರ್‌ಗಳು ಎರಡನೇ ಬೇಸ್‌ನ ಎರಡೂ ಬದಿ ಇಬ್ಬಿಬ್ಬರು ನಿಲ್ಲಲೇಬೇಕಾಯಿತು. ಅದಕ್ಕೂ ಮೊದಲು ಎಡಗೈ ಬ್ಯಾಟರ್ ಬಂದರೆ ಮೂವರು ಬಲಬದಿಗೆ ಸರಿದು ನಿಂತು ಅವನ ಹಿಟ್‌ಗಳನ್ನು ನುಂಗುತ್ತಿದ್ದರು. ಹೀಗೆ ಹಿಟ್ ಕಳೆದುಕೊಳ್ಳುತ್ತಿದ್ದವರಲ್ಲಿ ಟೆಕ್ಸಸ್‌ನ ಕೋರಿ ಸೀಗರ್ ಒಬ್ಬರು. 2022ರಲ್ಲಿ ಅವರ ಸರಾಸರಿ 0.245, 2023ರಲ್ಲಿ 0.327. ಎರಡೂ ವರ್ಷ ಹೋಮ್ ರನ್ ಮಾತ್ರ ತಲಾ 33. ಅಷ್ಟೂ ಏರಿಕೆ ನಿಯಮದಿಂದಲೇ ಬಂತು ಎನ್ನಲಾಗದು, ಅದೃಷ್ಟದ ಪಾಲೂ ಇದ್ದೀತು. ಆದರೆ ಹಳೆಯ ನಿಯಮದ ಅಂಕಿ ಹಿಡಿದು ಅವರನ್ನು ತಳ್ಳಿದವರು ಕೈ ಹಿಸುಕಿಕೊಂಡರು. ಇಡೀ ಲೀಗಿನ ಕದ್ದ ಬೇಸ್‌ಗಳು ಒಂದೇ ವರ್ಷದಲ್ಲಿ 2,486ರಿಂದ 3,503ಕ್ಕೆ ಏರಿದವು.

ಮೈದಾನವೂ ಬದಲಾಗುತ್ತದೆ. ಬಾಲ್ಟಿಮೋರ್ 2022ರಲ್ಲಿ ತನ್ನ ಎಡಬದಿಯ ಗೋಡೆಯನ್ನು ಹಿಂದಕ್ಕೆ ಸರಿಸಿ ಎತ್ತರ ಮಾಡಿತು, 2025ರಲ್ಲಿ ಮತ್ತೆ ಒಂದಿಷ್ಟು ಮುಂದಕ್ಕೆ ತಂದಿತು. ಅಲ್ಲಿನ ಬಲಗೈ ಬ್ಯಾಟರ್‌ನ ‘ಮೂರು ವರ್ಷದ ತವರು ಸರಾಸರಿ’ ಅಂತ ಯಾರಾದರೂ ತೋರಿಸಿದರೆ, ಯಾವ ಗೋಡೆಯ ಎದುರು ಅಂತ ಕೇಳಿ.

ಪಿಚರ್‌ಗಳ ಬಗ್ಗೆ ಎರಡು ಮಾತು

ಪಿಚರ್‌ಗಳ ತವರು–ಹೊರಗಿನ ಇಆರ್‌ಎ, ಅಂದರೆ ಒಂಬತ್ತು ಇನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್, ತುಂಬ ಜಿಗಿದಾಡುವ ಅಂಕಿ. ಒಂದೆರಡು ಕೆಟ್ಟ ಸಂಜೆ ಸಾಕು ಅದನ್ನು ಕೆಡಿಸಲು. ಅದರ ಬದಲು ಸ್ಟ್ರೈಕ್‌ಔಟ್ ಮತ್ತು ವಾಕ್ ಒಡೆದು ನೋಡಿ, ಅವು ಬೇಗ ಸ್ಥಿರವಾಗುತ್ತವೆ. ನೋಡಲೇಬೇಕಾದ ಇನ್ನೊಂದು ಚೂರು, ಅದೇ ಬ್ಯಾಟರ್‌ಗಳು ಮೂರನೇ ಸಲ ಎದುರಾದಾಗ ಪಿಚರ್ ಏನಾಗುತ್ತಾನೆ ಎಂಬುದು. ಸಾಮಾನ್ಯವಾಗಿ ಹೊಡೆತ ತಿನ್ನುತ್ತಾನೆ, ತಂಡಗಳಿಗೆ ಇದು ಚೆನ್ನಾಗಿ ಗೊತ್ತು. 2020ರ ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯದಲ್ಲಿ ಟ್ಯಾಂಪಾ ಬೇಯ ಬ್ಲೇಕ್ ಸ್ನೆಲ್ ಒಂಬತ್ತು ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿ ಮೆರೆಯುತ್ತಿದ್ದಾಗಲೇ, 73 ಎಸೆತಕ್ಕೆ ಅವರನ್ನು ಹೊರಗೆ ಕರೆದರು. ತಂಡ ಪಂದ್ಯವನ್ನೂ ಸರಣಿಯನ್ನೂ ಸೋತಿತು. ಫ್ಯಾಂಟಸಿಯಲ್ಲಿ ಗೆಲುವಿನ ಅಂಕ ಬೇಕಾದರೆ ಶುರುವಿನ ಪಿಚರ್ ಐದು ಇನಿಂಗ್ಸ್ ಮುಗಿಸಲೇಬೇಕು. ಬೇಗ ಕರೆಸಿಕೊಳ್ಳುವ ತಂಡದ ಪಿಚರ್‌ಗೆ ಆ ವಿಭಾಗದಲ್ಲಿ ನಷ್ಟ.

ಅವಕಾಶ ಸಿಗದವನ ಅಂಕಿ

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ.

ಕೈಲ್ ಶ್ವಾರ್ಬರ್ 2015ರಲ್ಲಿ ಶಿಕಾಗೋ ಕಬ್ಸ್‌ಗೆ ಬಂದಾಗ 69 ಪಂದ್ಯದಲ್ಲಿ 16 ಹೋಮ್ ರನ್ ಹೊಡೆದ ಎಡಗೈ ಬ್ಯಾಟರ್. ಎಡಗೈ ಪಿಚರ್‌ಗಳ ಎದುರಿನ ದಾಖಲೆ ಮಾತ್ರ ತೀರಾ ಕಳಪೆ. ಆ ದಾಖಲೆಯಲ್ಲಿ ಇದ್ದದ್ದು ನೂರು ಸರದಿಯೂ ಅಲ್ಲ. ‘ಎಡಗೈ ಬಂದರೆ ಇವನ ಕೈಲಾಗಲ್ಲ’ ಎಂಬ ಹಣೆಪಟ್ಟಿ ಬಿತ್ತು. ಮುಂದಿನ ವರ್ಷಗಳಲ್ಲಿ ಎಡಗೈ ಪಿಚರ್ ಇದ್ದ ದಿನ ಅವರು ಬೆಂಚಿನಲ್ಲಿ ಕೂರುವುದು ಸಾಮಾನ್ಯವಾಯಿತು.

ಈ ಚಕ್ರ ಗಮನಿಸಿ. ಕಡಿಮೆ ಅವಕಾಶದಲ್ಲಿ ಕೆಟ್ಟ ಅಂಕಿ ಬಂತು. ಕೆಟ್ಟ ಅಂಕಿ ಇದೆ ಅಂತ ಅವಕಾಶ ಇನ್ನೂ ಕಡಿಮೆ ಮಾಡಿದರು. ಅವಕಾಶ ಇಲ್ಲದ್ದರಿಂದ ಕಲಿಯಲೂ ಆಗಲಿಲ್ಲ, ಅಂಕಿ ತಿದ್ದಲೂ ಆಗಲಿಲ್ಲ. ಹತ್ತು ವರ್ಷ ಬಿಟ್ಟು ನೋಡಿದರೂ ಕೋಷ್ಟಕ ‘ನೋಡಿ, ನಾನು ಆಗಲೇ ಹೇಳಿರಲಿಲ್ಲವಾ’ ಅನ್ನುತ್ತದೆ.

2022ರಲ್ಲಿ ಫಿಲಡೆಲ್ಫಿಯಾ ತಂಡ ಅವರನ್ನು ತೆಗೆದುಕೊಂಡು, ಪಿಚರ್ ಯಾರೇ ಇರಲಿ, ದಿನವೂ ಆಡಿಸಿತು. ಆ ವರ್ಷ 46 ಹೋಮ್ ರನ್, ಮುಂದಿನ ವರ್ಷ 47. 2025ರಲ್ಲಿ 162 ಪಂದ್ಯಗಳನ್ನೂ ಆಡಿ 56. ಅದರಲ್ಲಿ 20ಕ್ಕೂ ಹೆಚ್ಚು ಎಡಗೈ ಪಿಚರ್‌ಗಳ ಎದುರೇ ಬಂದವು.

ಪ್ರತಿ ಪ್ಲಟೂನ್ ಆಟಗಾರನೂ ಶ್ವಾರ್ಬರ್ ಆಗುವುದಿಲ್ಲ, ನಿಜ. ಆದರೆ ಡ್ರಾಫ್ಟ್ ಮಾಡುವವರು ಕೇಳಬೇಕಾದ ಪ್ರಶ್ನೆ ಇಲ್ಲಿದೆ. ಈ ಅಂಕಿ ಆಟಗಾರನ ಸಾಮರ್ಥ್ಯ ಹೇಳುತ್ತಿದೆಯಾ, ಅವನಿಗೆ ಕೊಟ್ಟ ಅವಕಾಶ ಹೇಳುತ್ತಿದೆಯಾ? ಮ್ಯಾನೇಜರ್ ಬದಲಾದರಾ? ತಂಡದಲ್ಲಿ ಅವನ ಜಾಗಕ್ಕೆ ಇಳಿಯುತ್ತಿದ್ದ ಬಲಗೈ ಜೊತೆಗಾರ ಬೇರೆ ತಂಡಕ್ಕೆ ಹೋದನಾ? ಹೀಗಾದಾಗ ಕೋಷ್ಟಕ ಬದಲಾಗುವ ಮೊದಲೇ ಆಟಗಾರನ ಬೆಲೆ ಬದಲಾಗಿರುತ್ತದೆ.

ಬೇಸ್‌ಬಾಲ್‌ಗೆ ಇದು ಹೊಸ ವಿಷಯವಲ್ಲ. 1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಕಣಕ್ಕಿಳಿಯುವವರೆಗೆ, ದಶಕಗಳ ಕಾಲ ಮೇಜರ್ ಲೀಗ್‌ಗಳು ಕಪ್ಪು ಆಟಗಾರರನ್ನು ಹೊರಗಿಟ್ಟಿದ್ದವು. ಅವರು ನೀಗ್ರೋ ಲೀಗ್‌ಗಳಲ್ಲಿ ಆಡಿದ್ದು ಅಧಿಕೃತ ದಾಖಲೆಗೆ ಸೇರಿದ್ದು 2024ರ ಮೇ ತಿಂಗಳಲ್ಲಿ. ಆ ದಿನ ಸಾರ್ವಕಾಲಿಕ ಬ್ಯಾಟಿಂಗ್ ಸರಾಸರಿಯ ಪಟ್ಟಿಯ ತುದಿಯಲ್ಲಿ ಟೈ ಕಾಬ್ ಬದಲು 0.372ರ ಜಾಶ್ ಗಿಬ್ಸನ್ ಹೆಸರು ಬಂತು. ಗಿಬ್ಸನ್ ತೀರಿಕೊಂಡು ಆಗಲೇ 77 ವರ್ಷವಾಗಿತ್ತು. ಪಟ್ಟಿಯಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಆಟ ಬರುತ್ತಿರಲಿಲ್ಲ ಅಂತಲ್ಲ.

ಡ್ರಾಫ್ಟ್ ದಿನ ಪಕ್ಕದಲ್ಲಿಟ್ಟುಕೊಳ್ಳುವ ಚೀಟಿ

1. ಮೊದಲು ಒಟ್ಟು ಲೆಕ್ಕ ನೋಡಿ, ಸಾಧ್ಯವಾದರೆ ಮೂರು ವರ್ಷದ್ದು. ಸ್ಪ್ಲಿಟ್ ಅದನ್ನು ತಿದ್ದಲು ಇರುವುದು, ಅದರ ಜಾಗಕ್ಕೆ ಕೂರಲು ಅಲ್ಲ.
2. ಅಂಕಿಯ ಪಕ್ಕ ಎಷ್ಟು ಸರದಿ ಅಂತ ನೋಡಿ. 100ರ ಆಸುಪಾಸಿನ ಚೂರನ್ನು ಸುದ್ದಿಯೆಂದು ಓದಿ, ತೀರ್ಪೆಂದು ಅಲ್ಲ.
3. ಈ ಒಡಕಿಗೆ ದೇಹದಲ್ಲೋ, ಮೈದಾನದಲ್ಲೋ, ನಿಯಮದಲ್ಲೋ ಕಾರಣ ಇದೆಯಾ? ಎಡಗೈ–ಬಲಗೈಗೆ ಇದೆ, ಮೈದಾನಕ್ಕೆ ಇದೆ. ಮಂಗಳವಾರದ ಪಂದ್ಯಕ್ಕೆ ಇಲ್ಲ.
4. ಕಾರಣ ಇದ್ದರೂ ಅಂತರವನ್ನು ಎಲ್ಲರ ಸರಾಸರಿಯ ಕಡೆಗೆ ಎಳೆಯಿರಿ. ಮೇಲಿನ 90, 36 ಆದ ಲೆಕ್ಕ ನೆನಪಿರಲಿ.
5. ನಿಮ್ಮ ಲೀಗಿನ ನಿಯಮ ಓದಿ. ದಿನವೂ ಆಟಗಾರರನ್ನು ಬದಲಿಸಬಹುದಾದರೆ ಎರಡು ಅಗ್ಗದ ಪ್ಲಟೂನ್ ಬ್ಯಾಟರ್‌ಗಳಿಂದ ಒಂದು ಒಳ್ಳೆಯ ಜಾಗ ತುಂಬಬಹುದು. ವಾರಕ್ಕೊಮ್ಮೆ ಮಾತ್ರ ಅಂದರೆ ದಿನವೂ ಆಡುವವನಿಗೇ ಬೆಲೆ.
6. ಕೊನೆಯದಾಗಿ, ಅವಕಾಶ ಕೊಡುವವರು ಯಾರು, ಅವರ ಮನಸ್ಸು ಬದಲಾಗಿದೆಯಾ ಅಂತ ನೋಡಿ.

ಪತ್ರಿಕೋದ್ಯಮಕ್ಕೆ ಬಂದ ಮೇಲೆ ಈ ಚೀಟಿ ನನಗೆ ಹೆಚ್ಚು ಉಪಯೋಗಕ್ಕೆ ಬಂದಿದ್ದು ಚುನಾವಣೆಯ ಸಮಯದಲ್ಲಿ. 1,500 ಜನರ ಸಮೀಕ್ಷೆಯಲ್ಲಿ ಒಂದು ಸಮುದಾಯದ ಪಾಲು ನೂರಕ್ಕೆ ಆರು ಅಂದರೆ 90 ಜನ. ಅವರಲ್ಲಿ ಶೇ 50 ಮಂದಿ ಇಂಥ ಪಕ್ಷಕ್ಕೆ ಎಂದು ಟಿವಿಯಲ್ಲಿ ದೊಡ್ಡಕ್ಷರದಲ್ಲಿ ಬಂದರೆ, ಅದು 40 ಇದ್ದರೂ ಇದ್ದೀತು, 60 ಇದ್ದರೂ ಇದ್ದೀತು. ‘ಅಲ್ಲಿ ಹೆಣ್ಣುಮಕ್ಕಳನ್ನು ನಿಲ್ಲಿಸಿದರೆ ಗೆಲ್ಲಲ್ಲ’ ಎಂದು ಪಕ್ಷದವರು ಅಂಕಿ ಹಿಡಿದು ಹೇಳಿದಾಗಲೂ ನಾನು ಮೊದಲು ಕೇಳುವುದು, ಅಲ್ಲಿ ಇದುವರೆಗೆ ಎಷ್ಟು ಸಲ ಟಿಕೆಟ್ ಕೊಟ್ಟಿದ್ದೀರಿ ಅಂತ.

ಆ ಹಳೆಯ ಎಕ್ಸೆಲ್ ಶೀಟ್ ಇನ್ನೂ ನನ್ನ ಬಳಿ ಇದೆ. ಲೆಮಹ್ಯೂ ಸಾಲಿನ ಕೆಂಪು ಬಣ್ಣವನ್ನು ಅಳಿಸಿಲ್ಲ. ಪಕ್ಕದ ಕಾಲಂನಲ್ಲಿ ಒಂದೇ ಮಾತು ಸೇರಿಸಿದ್ದೇನೆ: ‘ಎಷ್ಟು ಸರದಿ? ಯಾರು ಕೊಟ್ಟಿದ್ದು?’ ಈಗ ಪ್ರತಿ ಮಾರ್ಚ್‌ನಲ್ಲೂ ಡ್ರಾಫ್ಟ್‌ಗೆ ಕೂರುವ ಮುನ್ನ ಅದನ್ನೊಮ್ಮೆ ತೆರೆದು ನೋಡುತ್ತೇನೆ.